ವಯಸ್ಸಿನ ತಲೆಗೆ ಕಟ್ಟಿದ್ದು

ಗ್ಯಾಸಿನ ಮೇಲೆ ಹಾಲಿಟ್ಟು ಮರೆತವಳು ಮೂವತ್ತರ ಸೊಸೆಯಾದರೆ ಕಾರಣ ಆಫೀಸಿನ ಟೆನ್ಶನ್. ಮರೆತವರು ಎಪ್ಪತ್ತರ ಅತ್ತೆಯಾದರೆ ಆ ರಾತ್ರಿಯೇ ಮಕ್ಕಳ ನಡುವೆ ಫೋನು ಓಡಾಡುತ್ತದೆ: "ಇನ್ನು ಅಮ್ಮನ್ನ ಒಬ್ಬಳೇ ಬಿಡೋ ಹಾಗಿಲ್ಲ." ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನಲವತ್ತರವನೊಬ್ಬ ಎದ್ದು ನಿಂತು ಲಿಫ್ಟ್ ರಿಪೇರಿಯ ಲೆಕ್ಕ ಕೇಳಿದರೆ ಅವನು ಖಡಕ್ ಮನುಷ್ಯ. ಅದೇ ಲೆಕ್ಕವನ್ನು ನಿವೃತ್ತ ಬ್ಯಾಂಕ್ ನೌಕರರೊಬ್ಬರು ಕೇಳಿದರೆ, "ಅಂಕಲ್‌ಗೆ ಮನೇಲಿ ಹೊತ್ತು ಹೋಗಲ್ಲ." ಉಕ್ಕಿದ ಹಾಲು ಎರಡೂ ಕಡೆ ಅಷ್ಟೇ, ಲಿಫ್ಟಿನ ಬಿಲ್ಲೂ ಅದೇ. ಬೇರೆಯಾದದ್ದು ನೋಡಿದವರು ಹಚ್ಚಿದ ಕಾರಣ ಮಾತ್ರ.

ಥಾಣೆಯ ವರ್ತಕ ನಗರದಿಂದ ಡೊಂಬಿವಲಿ, ಕಲ್ಯಾಣ, ನವಿಮುಂಬಯಿವರೆಗೆ ಹಬ್ಬಿರುವ ಕನ್ನಡ ಬದುಕಿಗೆ ಈಗ ವಯಸ್ಸಾಗಿದೆ. ಅರವತ್ತು-ಎಪ್ಪತ್ತರ ದಶಕದಲ್ಲಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ಥಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲೋ ದುಡಿದು, ಮುಂಬಯಿಯೊಳಗೆ ಜಾಗ ಕೈಗೆಟುಕದೆ ಮಧ್ಯ ರೈಲ್ವೆಯ ಹಳಿ ಹಿಡಿದು ಇತ್ತ ಮನೆ ಮಾಡಿದವರು ಇಂದು ಎಪ್ಪತ್ತು-ಎಂಬತ್ತರ ಆಸುಪಾಸಿನಲ್ಲಿದ್ದಾರೆ. 2011ರ ಜನಗಣತಿಯ ಹೊತ್ತಿಗೇ ಮಹಾರಾಷ್ಟ್ರದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ. 9.9ರಷ್ಟಿದ್ದರು, ದೇಶದ ಸರಾಸರಿ ಆಗ ಶೇ. 8.6. ಹಾಗಾಗಿ ಹಿರಿಯರು ಮಾಡಿದ್ದು, ಆಡಿದ್ದು, ಆಡದೆ ಸುಮ್ಮನಿದ್ದದ್ದನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಎಂಬುದು ಇಲ್ಲಿ ಮನೆಮನೆಯ ವಿಷಯ. ಇದರ ಮೇಲೆ ಜಗತ್ತಿನಲ್ಲಿ ಐವತ್ತು ವರ್ಷದಿಂದ ಸಾಕಷ್ಟು ಅಧ್ಯಯನ ನಡೆದಿದೆ. ಅದರಲ್ಲಿ ನಮ್ಮ ಮನೆಗಳಿಗೆ ಹೊಂದುವುದೆಷ್ಟು, ಹೊಂದದ್ದೆಷ್ಟು ಎಂದು ನೋಡುವುದು ಇಲ್ಲಿನ ಉದ್ದೇಶ.

ಹಾಲಿನ ಉದಾಹರಣೆಯನ್ನೇ ಹೋಲುವ ಪ್ರಯೋಗವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೋನ್ ಅರ್ಬರ್ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲಿ ಜನರಿಗೆ ಪುಟ್ಟ ಪ್ರಸಂಗಗಳನ್ನು ಓದಲು ಕೊಟ್ಟರು: ಒಬ್ಬರು ಹೆಸರು ಮರೆತರು, ಇನ್ನೊಬ್ಬರು ವಸ್ತು ಎಲ್ಲಿಟ್ಟೆನೆಂದು ಮರೆತರು. ಪ್ರಸಂಗ ಅದೇ, ಮರೆತವರ ವಯಸ್ಸು ಮಾತ್ರ ಬೇರೆ ಬೇರೆ. ಮರೆತವರು ಚಿಕ್ಕವರಾದಾಗ ಓದುಗರು ಗಮನ ಸಾಲದು, ಪ್ರಯತ್ನ ಸಾಲದು ಎಂದರು. ದೊಡ್ಡವರಾದಾಗ ಬುದ್ಧಿಶಕ್ತಿಯೇ ಕುಂದಿದೆ ಎಂದರು. ಮೊದಲನೆಯದು ತಿದ್ದಿಕೊಳ್ಳಬಹುದಾದ ದೋಷ, ಎರಡನೆಯದು ತಿದ್ದಲಾಗದ್ದು. ಹಾಗೆ ತೀರ್ಮಾನಿಸಿದವರಲ್ಲಿ ಹಿರಿಯ ಓದುಗರೂ ಇದ್ದರು. ಮುಪ್ಪಿನ ಬಗೆಗಿನ ನಂಬಿಕೆಗಳನ್ನು ನಾವು ಚಿಕ್ಕಂದಿನಲ್ಲಿ, ಅದು ಬೇರೆಯವರ ಸಂಗತಿಯಾಗಿದ್ದಾಗ ಕಲಿಯುತ್ತೇವೆ. ಆಮೇಲೆ ನಾವೇ ಆ ಗುಂಪಿಗೆ ಸೇರುತ್ತೇವೆ, ಕಲಿತದ್ದು ಕೈಬಿಡುವುದಿಲ್ಲ.

ಈ ಪೂರ್ವಗ್ರಹಕ್ಕೆ 'ಏಜಿಸಂ' ಎಂದು 1969ರಲ್ಲಿ ಹೆಸರಿಟ್ಟವರು ರಾಬರ್ಟ್ ಬಟ್ಲರ್ ಎಂಬ ವೈದ್ಯರು. ವಾಷಿಂಗ್ಟನ್ ಬಳಿಯ ಬಡಾವಣೆಯೊಂದರಲ್ಲಿ ಬಡ ವೃದ್ಧರಿಗೆ ವಸತಿ ಕೊಡುವ ಪ್ರಸ್ತಾಪ ಬಂದು, ನೆರೆಹೊರೆಯವರು ತಿರುಗಿಬಿದ್ದ ಸಂದರ್ಭ ಅದು. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಜಗತ್ತಿನ ಪ್ರತಿ ಇಬ್ಬರಲ್ಲಿ ಒಬ್ಬರಿಗೆ ಹಿರಿಯರ ಬಗ್ಗೆ ಇಂಥ ಪೂರ್ವಗ್ರಹ ಇದೆ ಎಂದಿತು.

ನಮ್ಮಲ್ಲಿ ಹೆಸರಿಡುವ ತೊಂದರೆಯೇ ಇರಲಿಲ್ಲ, ಗಾದೆ ಸಿದ್ಧವಿತ್ತು. ಅರವತ್ತಕ್ಕೆ ಅರಳುಮರಳು ಎಂದು ನಾವು, ಸಾಠೀ ಬುದ್ಧೀ ನಾಠೀ ಎಂದು ಪಕ್ಕದ ಮನೆಯ ಮರಾಠಿಯವರು, ಸಠಿಯಾ ಗಯೇ ಎಂದು ಮೇಲಿನ ಮಾಳಿಗೆಯ ಉತ್ತರದವರು. ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಕಟ್ಟಡದಲ್ಲಿ ಇದೊಂದರಲ್ಲಿ ಒಮ್ಮತ. ಅಮೆರಿಕದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ವಾರಾಣಸಿಯ ಓಣಿಗಳಲ್ಲಿ ಈ ಮಾತಿನ ಬೆನ್ನು ಹತ್ತಿ 1998ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಅವರು ಕಂಡದ್ದರಲ್ಲಿ ನನಗೆ ಮುಖ್ಯವೆನಿಸುವುದು ಇದು: ಮುದುಕರ ಸಿಡುಕಿಗೂ ಕೂಗಾಟಕ್ಕೂ ಕಾರಣ ಹೇಳುವ ರೀತಿ ಓಣಿಯಿಂದ ಓಣಿಗೆ ಬೇರೆಯಿತ್ತು. ಅನುಕೂಲಸ್ಥರ ಕಾಲೊನಿಗಳಲ್ಲಿ ತಲೆ ಬಿಸಿಯಾಗಿದೆ, ಹೊಂದಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಬಡವರ ಕೇರಿಯಲ್ಲಿ ನಿಶ್ಶಕ್ತಿ, ಮೈಯಲ್ಲಿ ಕಸುವಿಲ್ಲ ಎನ್ನುತ್ತಿದ್ದರು. ಸುಶಿಕ್ಷಿತರ ಸಭೆಗಳಲ್ಲೋ ತಪ್ಪೆಲ್ಲ ಕಾಲದ್ದು. ಅವಿಭಕ್ತ ಕುಟುಂಬ ಮುರಿಯಿತು, ಮಕ್ಕಳು ಕೆಟ್ಟರು. ಮೂರು ಕಡೆಯೂ ಆ ಮುದುಕ ಕೂಗಿ ಹೇಳುತ್ತಿದ್ದುದೇನು ಎಂಬುದು ಹಿಂದೆ ಬಿತ್ತು. ನನ್ನ ತಕರಾರಿರುವುದೂ ಅಲ್ಲೇ. 'ವಯಸ್ಸಾಯ್ತಲ್ಲ' ಎಂಬ ಮಾತು ಕ್ರೂರವೋ ಕರುಣೆಯೋ ಎನ್ನುವುದು ಆಮೇಲಿನ ವಿಚಾರ. ಅದನ್ನು ಆಡಿದ ಮೇಲೆ ಮುಂದಿನ ಪ್ರಶ್ನೆ ಕೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ ಎನ್ನುವುದೇ ಅದರ ಕೇಡು.

ಕರುಣೆಯ ಬಗ್ಗೆಯೂ ಒಂದಿಷ್ಟು ಹೇಳಬೇಕು. ಸೂಸನ್ ಫಿಸ್ಕ್, ಏಮಿ ಕಡ್ಡಿ ಮೊದಲಾದವರು 2002ರಲ್ಲಿ ತೋರಿಸಿದಂತೆ, ಜನ ಬೇರೆ ಬೇರೆ ಗುಂಪುಗಳನ್ನು ಎರಡು ಅಳತೆಗೋಲಿನಿಂದ ಅಳೆಯುತ್ತಾರೆ: ಒಳ್ಳೆಯವರೇ, ಸಮರ್ಥರೇ? ಹಿರಿಯರಿಗೆ ಮೊದಲನೆಯದರಲ್ಲಿ ತುಂಬ ಅಂಕ, ಎರಡನೆಯದರಲ್ಲಿ ಕಡಿಮೆ. ಪಾಪದವರು, ಆದರೆ ಕೈಲಾಗದವರು. ಆಸ್ಪತ್ರೆಯಲ್ಲಿ ಇದು ಕಿವಿಗೇ ಕೇಳುತ್ತದೆ. ಡಾಕ್ಟರು ಎದುರಿಗೆ ಕೂತ ರೋಗಿಯನ್ನು ಬಿಟ್ಟು ಹಿಂದೆ ನಿಂತ ಮಗನ ಹತ್ತಿರ "ಇವರಿಗೆ ಹಸಿವೆ ಹೇಗಿದೆ?" ಎಂದು ಕೇಳುತ್ತಾರೆ. ನರ್ಸು ಮಗುವನ್ನು ರಮಿಸುವ ದನಿಯಲ್ಲಿ, ಎಳೆದೆಳೆದು, "ಆಜೀ, ಆ ಮಾಡಿ" ಎನ್ನುತ್ತಾಳೆ. ಇದರಲ್ಲಿ ದುರುದ್ದೇಶ ಹುಡುಕಿದರೂ ಸಿಗದು. ಆದರೆ ಅಮೆರಿಕದ ಶುಶ್ರೂಷಾ ಸಂಶೋಧಕಿ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ಹೀಗೆ ಮಗುವಿನ ಭಾಷೆಯಲ್ಲಿ ಮಾತಾಡಿಸಿದಾಗ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವ ರೋಗಿಗಳು ಕೂಡ ಹೆಚ್ಚು ಪ್ರತಿಭಟಿಸಿದರು. ಕೈ ತಳ್ಳಿದರು, ಮುಖ ತಿರುಗಿಸಿದರು. ಆ ಪ್ರತಿಭಟನೆ ಕಾಯಿಲೆಯ ಲಕ್ಷಣವೆಂದು ಕೇಸ್ ಪೇಪರಿನಲ್ಲಿ ದಾಖಲಾಗುವುದು ಕಷ್ಟವಲ್ಲ.

ಕರುಣೆ ಕಾನೂನಾಗಿ ಬಂದರೆ ಏನಾಗುತ್ತದೆಂದು ಕೊರೋನಾ ಕಾಲದಲ್ಲಿ ಮುಂಬಯಿ ನೋಡಿತು. 2020ರ ಮೇ ಕೊನೆಯಲ್ಲಿ ಚಿತ್ರೀಕರಣಕ್ಕೆ ಮತ್ತೆ ಅನುಮತಿ ಕೊಡುವಾಗ ಮಹಾರಾಷ್ಟ್ರ ಸರಕಾರ, 65 ದಾಟಿದ ಕಲಾವಿದರು, ತಂತ್ರಜ್ಞರು ಸೆಟ್ಟಿಗೆ ಬರಬಾರದೆಂದು ಷರತ್ತು ಹಾಕಿತು. ಸಣ್ಣಪುಟ್ಟ ಪಾತ್ರ ಮಾಡಿಕೊಂಡು ನಾಲ್ಕು ದಶಕ ಕಳೆದಿದ್ದ, ಎಪ್ಪತ್ತು ವರ್ಷದ ನಟರೊಬ್ಬರು ಬಾಂಬೆ ಹೈಕೋರ್ಟಿಗೆ ಹೋದರು. ಅದೇ ವಯಸ್ಸಿನವರು ಅಂಗಡಿ ತೆರೆದು ಕೂರಬಹುದಾದರೆ ಸೆಟ್ಟಿನಲ್ಲಿ ನಿಲ್ಲಬಾರದೇಕೆ ಎಂದು ಕೋರ್ಟು ಕೇಳಿತು. ತೃಪ್ತಿಕರ ಉತ್ತರ ಬರಲಿಲ್ಲ. ಆಗಸ್ಟ್ 7ರಂದು ಆ ಷರತ್ತು ರದ್ದಾಯಿತು. ಸೋಂಕು ಹಿರಿಯರಿಗೆ ಹೆಚ್ಚು ಅಪಾಯಕಾರಿಯೆಂಬುದು ನಿಜವೇ ಆಗಿತ್ತು. ಆ ಅಪಾಯವನ್ನೂ ದಿನಗೂಲಿ ತಪ್ಪುವ ಅಪಾಯವನ್ನೂ ತೂಗಿ ನೋಡುವಷ್ಟು ಬುದ್ಧಿ ಆ ನಟನಿಗೆ ಇರಲಾರದು ಎಂಬ ಊಹೆಯ ಮೇಲೆ ನಿಯಮ ನಿಂತಿತ್ತು.

ಇಷ್ಟು ಹಿರಿಯರು ಹೇಗಿದ್ದಾರೆ ಎಂಬ ನಂಬಿಕೆಯ ಮಾತು. ಹೇಗಿರಬೇಕು ಎಂಬ ನಂಬಿಕೆ ಇನ್ನೂ ಬಿಗಿ. ಮೈಕೆಲ್ ನಾರ್ತ್ ಮತ್ತು ಸೂಸನ್ ಫಿಸ್ಕ್ 2013ರಲ್ಲಿ ಇಂಥ ನಿರೀಕ್ಷೆಗಳಲ್ಲಿ ಮೂರನ್ನು ಗುರುತಿಸಿದರು. ಕುರ್ಚಿ ಬಿಟ್ಟುಕೊಡಬೇಕು, ಎಲ್ಲರಿಗೂ ಸೇರಿದ್ದನ್ನು ಹೆಚ್ಚು ಬಳಸಬಾರದು, ಚಿಕ್ಕವರಂತೆ ಆಡಬಾರದು. ಇವನ್ನು ಮೀರಿದ ಹಿರಿಯರ ಮೇಲೆ ಅತಿ ಹೆಚ್ಚು ಮುನಿಸಿಕೊಂಡವರು ಯುವಕರು. ವಾನಪ್ರಸ್ಥದ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಹೊಸತೇನಿದೆ ಅನ್ನಿಸಬಹುದು. ಕಾಡಿಗೆ ಹೋಗಲು ಈಗ ಕಾಡಿಲ್ಲ, ಇರುವುದು ಬೆಳಗಿನ ಫಾಸ್ಟ್ ಲೋಕಲ್.

ಡೊಂಬಿವಲಿಯಲ್ಲಿ ಎಂಟರ ಸುಮಾರಿಗೆ ಡಬ್ಬಿಯೊಳಗೆ ನುಗ್ಗಲು ಹವಣಿಸುವ ಬಿಳಿ ಕೂದಲಿನವರನ್ನು ಕಂಡು, "ಈ ಟೈಮಿಗೇ ಬರಬೇಕಾ ಇವರು?" ಎಂದು ಗೊಣಗದ ನೌಕರಿಯವರು ಕಡಿಮೆ. ಹೊತ್ತು ಕಳೆಯಲು ಹೊರಟಿದ್ದಾರೆಂದು ಅವರ ಎಣಿಕೆ. ಕೆಇಎಮ್ ಇರಲಿ, ಸಾಯನ್ ಇರಲಿ, ಪಾಲಿಕೆ ಆಸ್ಪತ್ರೆಯ ಹೊರರೋಗಿ ವಿಭಾಗದ ಕೇಸ್ ಪೇಪರು ಬೆಳಿಗ್ಗೆಯೇ ತೆಗೆಯಬೇಕು, ಹನ್ನೊಂದರ ಖಾಲಿ ಗಾಡಿ ಹಿಡಿದು ಹೋದರೆ ಆ ದಿನದ ಕೆಲಸ ಕೆಟ್ಟಂತೆಯೇ ಎಂಬುದು ನೂಕುನುಗ್ಗಲಿನಲ್ಲಿ ಹೊಳೆಯುವುದಿಲ್ಲ. ರೈಲ್ವೆಯ ಆಲೋಚನೆಯಲ್ಲೂ ಎರಡು ಮನಸ್ಸು ಕಾಣುತ್ತದೆ. ದೂರದ ಗಾಡಿಗಳಲ್ಲಿ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದ ಹಿರಿಯರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದ ಮೇಲೆ, 2025ರಲ್ಲಿ ಮಧ್ಯ ರೈಲ್ವೆ ಮಾಟುಂಗದ ಕಾರ್ಖಾನೆಯಲ್ಲಿ ಲಗೇಜ್ ಡಬ್ಬಿಯನ್ನು ಮಾರ್ಪಡಿಸಿ ಲೋಕಲ್ಲಿನಲ್ಲಿ ಹಿರಿಯರಿಗೆಂದೇ ಜಾಗ ಮಾಡಿತು. ಅಗತ್ಯವಾಗಿ ಆಗಬೇಕಿದ್ದ ಕೆಲಸ. ಆದರೆ ಇನ್ನು ಮುಂದೆ ಸಾಮಾನ್ಯ ಡಬ್ಬಿ ಹತ್ತಿದ ಅಜ್ಜನಿಗೆ "ನಿಮ್ಮದು ಆ ಕಡೆ ಇದೆಯಲ್ಲ" ಎನ್ನುವವರೂ ಹುಟ್ಟಿಕೊಳ್ಳುತ್ತಾರೆ.

ಕುರ್ಚಿಯ ವಿಷಯದಲ್ಲಿ ನಮ್ಮ ಸಂಘ-ಸಂಸ್ಥೆಗಳನ್ನು ಬಿಟ್ಟು ಮಾತಾಡಿದರೆ ಅಪ್ರಾಮಾಣಿಕವಾದೀತು. ಮುಂಬಯಿ ಸುತ್ತಿನ ಕನ್ನಡ, ತುಳು, ಜಾತಿ ಸಂಘಗಳ ವೇದಿಕೆಯ ಫೋಟೊ ನೋಡಿದರೆ ಮುಂದಿನ ಸಾಲು ಪೂರ್ತಿ ಶಾಲು ಹೊದ್ದ ಹಿರಿಯರು. ಯುವಕರು ಬರುವುದಿಲ್ಲ ಎಂದು ಇವರ ದೂರು, ಬಿಟ್ಟುಕೊಡುವುದಿಲ್ಲ ಎಂದು ಅವರ ದೂರು. ಇಲ್ಲಿ ಯುವಕರ ಸಿಟ್ಟನ್ನೆಲ್ಲ ಪೂರ್ವಗ್ರಹವೆಂದು ತಳ್ಳಿಹಾಕಲು ನಾನು ತಯಾರಿಲ್ಲ. ಲೆಕ್ಕಪತ್ರ ತೋರಿಸದ ಅಧ್ಯಕ್ಷ ಮೂವತ್ತರವನಾದರೂ ಎಂಬತ್ತರವನಾದರೂ ತಪ್ಪೇ. ಆದರೆ ಆ ತಪ್ಪನ್ನು ವಯಸ್ಸಿನ ತಲೆಗೆ ಕಟ್ಟಿದ ಕೂಡಲೇ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಅಧಿಕಾರದ ಅವಧಿಗೆ ಮಿತಿ ಹಾಕದ ಬೈಲಾ ಹಾಗೇ ಉಳಿಯುತ್ತದೆ, ಮುಂದೆ ಬರುವ ಐವತ್ತರವನೂ ಇಪ್ಪತ್ತು ವರ್ಷ ಅಲ್ಲೇ ಕೂರುತ್ತಾನೆ.

ಚಿಕ್ಕವರಂತೆ ಆಡಬಾರದೆಂಬ ಮೂರನೆಯ ಕಟ್ಟಳೆ ಹೆಂಗಸರ ಮೇಲೆ ಹೆಚ್ಚು ಭಾರ. ಅರವತ್ತೈದರ ವಿಧವೆ ಬಣ್ಣದ ಸೀರೆ ಉಟ್ಟು ಉಪವನ ಕೆರೆಯ ದಂಡೆಯಲ್ಲಿ ಗೆಳತಿಯರೊಂದಿಗೆ ಜೋರಾಗಿ ನಕ್ಕರೆ ಕಣ್ಣು ಹಾಯಿಸುವವರಿದ್ದಾರೆ. ಪುಣೆಯಲ್ಲಿ ಒಂಟಿ ಹಿರಿಯರಿಗೆ ಸಂಗಾತಿ ಹುಡುಕಿಕೊಳ್ಳಲು ನೆರವಾಗುವ ಮಂಡಳಿ 2012ರಿಂದ ನಡೆಯುತ್ತಿದೆ. ಇಂಥ ಸಂಬಂಧಗಳಲ್ಲಿ ಮೊದಲ ಅಡ್ಡಿ ಬಹಳ ಸಲ ಮಕ್ಕಳದೇ. "ಈ ವಯಸ್ಸಿನಲ್ಲಿ ಬೇಕಾ?" ಎಂಬ ಪ್ರಶ್ನೆಯ ಹಿಂದೆ ಫ್ಲಾಟಿನ ಚಿಂತೆ ಅಡಗಿರುತ್ತದೆಂದು ಎಲ್ಲರಿಗೂ ಗೊತ್ತು. ಗಿರೀಶ ಕಾರ್ನಾಡರ 'ಯಯಾತಿ' ಬಂದದ್ದು 1961ರಲ್ಲಿ. ಮಗನ ಯೌವನ ಕಸಿದುಕೊಳ್ಳುವ ಅಪ್ಪ ಅಂದಿನಿಂದಲೂ ನಮ್ಮ ಚರ್ಚೆಗಳಲ್ಲಿ ಓಡಾಡುತ್ತಿದ್ದಾನೆ. ಅಪ್ಪನ ಮುಪ್ಪನ್ನು ಅವಸರಪಡಿಸುವ ಮಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ರಾಮ್ ರೆಡ್ಡಿಯವರ 'ತಿಥಿ' (2015) ಅದನ್ನು ನಗಿಸುತ್ತಲೇ ಮಾಡಿತು: ಜಮೀನು ಮಾರಲು ತಂದೆಯ ಸಹಿ ಸಿಗದೆ, ಬದುಕಿರುವ ತಂದೆಗೇ ಮರಣಪತ್ರ ಮಾಡಿಸುವ ಮಗ ಅದರಲ್ಲಿದ್ದಾನೆ. ಆ ತಂದೆ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯಿಲ್ಲ, ಬೀಡಿ ಸೇದುತ್ತ ತಿರುಗುತ್ತಾನೆ. ಮನೆಯವರ ಕಣ್ಣಿಗೆ ಅದು ಹುಚ್ಚು. ಅವನ ಕಥೆ ಕೇಳಿದ ಮೇಲೆ ನೋಡುಗನಿಗೆ ಹಾಗೆನ್ನಿಸುವುದಿಲ್ಲ.

ಆಸ್ತಿ ಎಂದೊಡನೆ ವರ್ತಕ ನಗರದಲ್ಲಿ ರೀಡೆವಲಪ್‌ಮೆಂಟ್. ಸರಕಾರಿ ಗೃಹನಿರ್ಮಾಣ ಸಂಸ್ಥೆ ಮ್ಹಾಡಾದ ಹಳೆಯ ಕಟ್ಟಡಗಳು ಒಂದೊಂದಾಗಿ ಕೆಡವಿಸಿಕೊಂಡು ಗೋಪುರಗಳಾಗುತ್ತಿವೆ. ಡೊಂಬಿವಲಿ, ಕಲ್ಯಾಣದ ಹಳೆ ಸೊಸೈಟಿಗಳೂ ಅದೇ ಸಾಲಿನಲ್ಲಿವೆ. ಸಹಕಾರಿ ವಸತಿ ಸಂಘಗಳಿಗೆ ರಾಜ್ಯ ಸರಕಾರ 2019ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಶೇ. 51 ಸದಸ್ಯರ ಒಪ್ಪಿಗೆ ಸಾಕು. ಒಪ್ಪದವರಲ್ಲಿ ವಯಸ್ಸಾದವರು ಹೆಚ್ಚೆಂಬುದು ಸಭೆಗಳಲ್ಲಿ ಕೂತವರಿಗೆಲ್ಲ ಗೊತ್ತು, ಕಾರಣವೂ ಎಲ್ಲರಿಗೂ ಗೊತ್ತಿದ್ದಂತೆಯೇ: ಮುದುಕರಿಗೆ ಬದಲಾವಣೆ ಆಗಿಬರುವುದಿಲ್ಲ, ಹಠ.

ಆದರೆ ಅವರ ಜಾಗದಲ್ಲಿ ಕೂತು ಲೆಕ್ಕ ಹಾಕಿ ನೋಡಬೇಕು. ಮೂರು ವರ್ಷವೆಂದು ಹೇಳಿದ ಕಟ್ಟಡ ಏಳೆಂಟು ವರ್ಷ ಅರ್ಧಕ್ಕೇ ನಿಂತ ಉದಾಹರಣೆಗಳು ಮುಂಬಯಿ, ಥಾಣೆಯ ಯಾವ ಮೂಲೆಯಲ್ಲೂ ಸಿಗುತ್ತವೆ. ನಲವತ್ತೈದರವನಿಗೆ ಏಳು ವರ್ಷ ತಡವಾದರೆ ನಷ್ಟ. ಎಪ್ಪತ್ತೆಂಟರವರಿಗೆ ಏಳು ವರ್ಷ ತಡವಾದರೆ ಹೊಸ ಮನೆಯ ಬೀಗದ ಕೈ ಅವರ ಕೈಗೆ ಬರುವುದೇ ಇಲ್ಲ. ಬಿಲ್ಡರು ಕೊಡುವ ಬಾಡಿಗೆ ಹಣ ನಡುವೆ ನಿಂತರೆ ನೌಕರಿಯಿರುವವನು ಕೈಯಿಂದ ಹಾಕುತ್ತಾನೆ, ಪೆನ್ಶನ್ನಿನವರು ಎಲ್ಲಿಂದ ತರಬೇಕು? ಒಂಟಿ ಮುದುಕರಿಗೆ ಬಾಡಿಗೆ ಮನೆ ಕೊಡಲು ಮಾಲೀಕರೂ ಹಿಂದೆಮುಂದೆ ನೋಡುತ್ತಾರೆ. ಕೆಳಗಿನ ಔಷಧಿ ಅಂಗಡಿಯವನು, ಎರಡು ಹೆಜ್ಜೆಯಲ್ಲಿ ಸಿಗುವ ಡಾಕ್ಟರು, ಸಾಯಿಬಾಬಾ ಮಂದಿರ, ರಾತ್ರಿ ಎದೆನೋವು ಬಂದರೆ ಬಾಗಿಲು ತಟ್ಟಬಹುದಾದ ಎದುರುಮನೆ, ಇವೆಲ್ಲ ಕಾರ್ಪೆಟ್ ಏರಿಯಾದಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅವರ ಬದುಕಿನಲ್ಲಿ ಬರುತ್ತವೆ. ಅದೇ ಕಟ್ಟಡದಲ್ಲಿ ಇನ್ನೂ ಐವತ್ತು ಚದರಡಿ ಬೇಕೆಂದು ಸಹಿ ಹಾಕದೆ ಕೂತ ವ್ಯಾಪಾರಿಯೂ ಇರುತ್ತಾನೆ. ಅವನನ್ನು ಹಠಮಾರಿ ಎನ್ನುವವರಿಲ್ಲ, 'ಪಕ್ಕಾ ಮನುಷ್ಯ' ಎನ್ನುತ್ತಾರೆ. ಕಟ್ಟಡ ನಿಜಕ್ಕೂ ಬೀಳುವಂತಿದ್ದಾಗ ವಿರೋಧ ಎಲ್ಲರ ಪ್ರಾಣಕ್ಕೂ ಅಪಾಯ, ಅದರಲ್ಲಿ ಎರಡು ಮಾತಿಲ್ಲ. ಆಗಲೂ ಬಾಡಿಗೆ ಹಣಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿಸಿದರೆ ಒಪ್ಪುವವರೆಷ್ಟು ಮಂದಿ ಎಂದು ನೋಡಿದ ಮೇಲೆ ಹಠದ ಮಾತಾಡಬಹುದು.

ಜಿಪುಣತನವೂ ಇದೇ ಬಗೆಯದು. ಹಾಲಿನ ಚೀಲ ತೊಳೆದು ಒಣಗಿಸುವುದು, ರಿಕ್ಷಾ ಬಿಟ್ಟು ಬಸ್ಸಿಗೆ ಕಾಯುವುದು, ಎರಡು ಇಡ್ಲಿಗೆ ಅರವತ್ತು ರೂಪಾಯಿಯೇ ಎಂದು ಹೋಟೆಲಿನ ಬಾಗಿಲಲ್ಲೇ ನಿಲ್ಲುವುದು. ಮುಪ್ಪಿನಲ್ಲಿ ಎಲ್ಲರೂ ಹೀಗೇ ಎಂದು ಮೊಮ್ಮಕ್ಕಳು ನಗುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಮೀಸೆ ಮೂಡುವ ಮೊದಲೇ ಉಡುಪಿ, ಕುಂದಾಪುರದ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿದವರು. ಇಪ್ಪತ್ತೈದರಲ್ಲೂ ಅವರು ಹೀಗೆಯೇ ಇದ್ದರು. ಈ ಎರಡನ್ನು, ಅಂದರೆ ವಯಸ್ಸು ತಂದದ್ದನ್ನೂ ಹುಟ್ಟಿದ ಕಾಲ ತಂದದ್ದನ್ನೂ ಬೇರ್ಪಡಿಸಿ ತೋರಿಸಿದವರಲ್ಲಿ ಕೆ. ವಾರ್ನರ್ ಶೈ ದೊಡ್ಡ ಹೆಸರು. ಅವರು 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಪರೀಕ್ಷಿಸುತ್ತ ದಶಕಗಳ ಕಾಲ ನಡೆಯಿತು. ಇಂದಿನ ಮೂವತ್ತರವರನ್ನೂ ಇಂದಿನ ಎಪ್ಪತ್ತರವರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಬುದ್ಧಿಶಕ್ತಿಯಲ್ಲಿ ದೊಡ್ಡ ಇಳಿಕೆ ಕಾಣುತ್ತದೆ. ಒಬ್ಬರನ್ನೇ ಮೂವತ್ತರಿಂದ ಎಪ್ಪತ್ತರವರೆಗೆ ಹಿಂಬಾಲಿಸಿದರೆ ಆ ಇಳಿಕೆಯ ಹೆಚ್ಚು ಪಾಲು ಮಾಯವಾಗುತ್ತದೆ, ಅರವತ್ತು ದಾಟುವವರೆಗೆ ಹಲವು ಸಾಮರ್ಥ್ಯಗಳು ಗಟ್ಟಿಯಾಗಿಯೇ ಇರುತ್ತವೆ. ಉಳಿದ ವ್ಯತ್ಯಾಸ ಶಾಲೆಯದು, ಊಟದ್ದು, ಕಾಲದ್ದು.

ಮೋಸಹೋಗುವುದರ ಬಗ್ಗೆಯೂ ಒಂದು ಮಾತು. ಪೊಲೀಸರೆಂದು ವಿಡಿಯೊ ಕರೆಯಲ್ಲಿ ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಸುದ್ದಿಗಳನ್ನು ಗಮನಿಸಿ. ಹಣ ಕಳೆದುಕೊಂಡವರು ಯುವಕರಾದರೆ ಶೀರ್ಷಿಕೆಯಲ್ಲಿ ಅವರ ಉದ್ಯೋಗ ಬರುತ್ತದೆ, ಹಿರಿಯರಾದರೆ ವಯಸ್ಸು. ಅಮೆರಿಕದ ಫೆಡರಲ್ ಟ್ರೇಡ್ ಕಮಿಶನ್ನಿನ ಅಂಕಿಅಂಶಗಳು ವರ್ಷ ವರ್ಷವೂ ತೋರಿಸುವುದು ಬೇರೆಯೇ: ವಂಚನೆಯ ದೂರು ಕೊಟ್ಟವರಲ್ಲಿ ಹಣ ಕಳೆದುಕೊಂಡವರ ಪ್ರಮಾಣ ಇಪ್ಪತ್ತರ ಹರೆಯದಲ್ಲೇ ಹೆಚ್ಚು. ಎಪ್ಪತ್ತು ದಾಟಿದವರು ಸಿಕ್ಕಿಬಿದ್ದರೆ ಹೋಗುವ ಮೊತ್ತ ದೊಡ್ಡದು, ಯಾಕೆಂದರೆ ಅವರ ಖಾತೆಯಲ್ಲಿ ಜೀವಮಾನದ ಉಳಿತಾಯ ಇರುತ್ತದೆ.

ಹಣದ ವಿಷಯದಲ್ಲಿ ಹಿರಿಯರ ಮೇಲಿನ ಸಂಶಯ ಒಮ್ಮೆ ಮನೆಯೊಳಗೆ ಬಂದರೆ ಎಲ್ಲಿಗೆ ಮುಟ್ಟುತ್ತದೆಂದು ತಿಳಿಯಲು ಥಾಣೆಯ ಗಡ್ಕರಿ ರಂಗಾಯತನದಲ್ಲೋ ಡೊಂಬಿವಲಿಯ ಫುಲೆ ನಾಟ್ಯಗೃಹದಲ್ಲೋ ಮರಾಠಿ ನಾಟಕ ನೋಡುವವರಿಗೆ 'ನಟಸಾಮ್ರಾಟ' ಸಾಕು. ವಿ. ವಾ. ಶಿರವಾಡಕರರು ಬರೆದು 1970ರಲ್ಲಿ ರಂಗಕ್ಕೆ ಬಂದ ಈ ನಾಟಕದಲ್ಲಿ ಮಗಳ ಮನೆಯಲ್ಲಿ ಹಣ ಕಾಣೆಯಾದಾಗ ಸಂಶಯ ಮುದಿ ನಟ ಅಪ್ಪನ ಮೇಲೆ ಬೀಳುತ್ತದೆ. ಅವನೇ ಕದ್ದನೆಂದು ನಂಬುವುದು ಅಷ್ಟು ಸುಲಭವಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಮಗಳು ತನಗೆ ಕೇಳಿಕೊಳ್ಳುವುದು ತಡವಾಗಿ.

ಇಂಥ ನಂಬಿಕೆಗಳು ಹಿರಿಯರ ಒಳಗೂ ಕೆಲಸ ಮಾಡುತ್ತವೆ ಎನ್ನುವ ಅಧ್ಯಯನಗಳಿವೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿಸಿದರೆ ಯುವಕರ ನಡಿಗೆ ನಿಧಾನವಾಗುತ್ತದೆ ಎಂದು ಜಾನ್ ಬಾರ್ಗ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ಪಠ್ಯಪುಸ್ತಕಗಳಿಗೆಲ್ಲ ಹೋಯಿತು. 2012ರಲ್ಲಿ ಬೆಲ್ಜಿಯಂನ ಸ್ಟೆಫಾನ್ ದೊಯೆನ್ ಮತ್ತು ಸಂಗಡಿಗರು ಅದನ್ನೇ ಯಂತ್ರದಿಂದ ಅಳೆದಾಗ ಆ ಪರಿಣಾಮ ಸಿಗಲಿಲ್ಲ. ಅಳೆಯುವವರ ನಿರೀಕ್ಷೆಯೇ ಫಲಿತಾಂಶದೊಳಗೆ ಸೇರಿಕೊಳ್ಳುತ್ತಿತ್ತು. ಪೂರ್ವಗ್ರಹದ ಅಧ್ಯಯನದೊಳಗೇ ಪೂರ್ವಗ್ರಹ ನುಸುಳಿದ ಕಥೆ. ಅದಕ್ಕಿಂತ ನಂಬಬಹುದಾದದ್ದು 2001ರಲ್ಲಿ ತಮಾರಾ ರಹ್ಹಾಲ್ ತಂಡ ಮಾಡಿದ ಪ್ರಯೋಗ. ಇದು ನೆನಪಿನ ಪರೀಕ್ಷೆ ಎಂದು ಒತ್ತಿ ಹೇಳಿದಾಗ ಹಿರಿಯರು ಹಿಂದೆ ಬಿದ್ದರು, ಆ ಮಾತೆತ್ತದೆ ಅದೇ ಕೆಲಸ ಕೊಟ್ಟಾಗ ಕಿರಿಯರಿಗೆ ಸಮಸಮ ನಿಂತರು. ಎಟಿಎಮ್ಮಿನ ಮುಂದೆ ಹಿಂದಿನವನು ಲೊಚಗುಟ್ಟಿದಾಗಲೇ ಪಿನ್ ಮರೆತುಹೋಗುವುದೇಕೆಂದು ಇದರಿಂದ ಅರ್ಥವಾಗುತ್ತದೆ. ಬೆಕಾ ಲೆವಿ 2002ರಲ್ಲಿ ಓಹಾಯೋದ ಪಟ್ಟಣವೊಂದರ 660 ಮಂದಿಯ ದಾಖಲೆ ನೋಡಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದರೆಂದರು. ಭಾವನೆಯೇ ಆಯಸ್ಸು ಕೊಟ್ಟಿತೆಂದು ಇದರಿಂದ ಸಾಬೀತಾಗುವುದಿಲ್ಲ, ಒಳ್ಳೆಯ ಆರೋಗ್ಯವೂ ಒಳ್ಳೆಯ ಭಾವನೆ ಕೊಟ್ಟಿರಬಹುದು. ಲೆವಿ ಆರೋಗ್ಯದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿದಿತ್ತು ಎಂಬುದಷ್ಟೇ ಖಚಿತ.

ಹಿರಿಯರೆಂದರೆ ಕೈಲಾಗದವರು ಎಂಬ ನಂಬಿಕೆಯನ್ನು ಹೊಗಳಿಕೆಯೂ ಅಲುಗಿಸುವುದಿಲ್ಲ. ಕೈಗಾ ಅಣುಸ್ಥಾವರದ ವಿರುದ್ಧ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತಾಗ ಅವರಿಗೆ 87. 'ಈ ವಯಸ್ಸಿನಲ್ಲೂ!' ಎಂಬ ಬೆರಗಿನಲ್ಲಿ ಅವರು ಎತ್ತಿದ ವಾದ ಎಷ್ಟು ಜನರ ಕಿವಿಗೆ ಹೋಯಿತು? ಒಬ್ಬರಿಗೆ ಅಪವಾದವೆಂದು ಹಾರ ಹಾಕಿದರೆ ಉಳಿದವರ ಬಗೆಗಿನ ನಿಯಮ ಹಾಗೇ ಇರುತ್ತದೆ.

ಕಾನೂನಿನ ಪುಸ್ತಕ ಎರಡೂ ಕಡೆ ವಾಲುತ್ತದೆ. 1872ರ ಕರಾರು ಕಾಯ್ದೆಯ 16ನೇ ಕಲಮು ಮನಸ್ಸಿನ ಸಾಮರ್ಥ್ಯ ಕುಗ್ಗಿಸುವ ಸಂಗತಿಗಳಲ್ಲಿ ಕಾಯಿಲೆಯ ಜೊತೆ ವಯಸ್ಸನ್ನೂ ಹೆಸರಿಸಿದೆ. 1925ರ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮು ಸ್ವಸ್ಥ ಬುದ್ಧಿಯ, ಅಪ್ರಾಪ್ತನಲ್ಲದ ಯಾರೂ ವಿಲ್ ಬರೆಯಬಹುದೆನ್ನುತ್ತದೆ, ಮೇಲಿನ ವಯೋಮಿತಿ ಇಲ್ಲ. ಆದರೂ ನಮ್ಮ ಕಡೆಯ ವಕೀಲರು ಎಂಬತ್ತರವರ ವಿಲ್ಲಿಗೆ ಡಾಕ್ಟರ ಸರ್ಟಿಫಿಕೇಟು ಲಗತ್ತಿಸದೆ ಬಿಡುವುದಿಲ್ಲ. ಕಾಯ್ದೆ ಕೇಳಿದ್ದಕ್ಕಲ್ಲ, ನಾಳೆ ಪಾಲು ಸಿಗದ ಮಗ 'ಅಪ್ಪನಿಗೆ ಬುದ್ಧಿ ಸ್ತಿಮಿತದಲ್ಲಿರಲಿಲ್ಲ' ಎನ್ನುವುದು ಖಂಡಿತವೆಂದು. ಪಾಲು ಸಿಕ್ಕ ಮಗನಿಗೆ ಅದೇ ಅಪ್ಪನ ಬುದ್ಧಿ ಚುರುಕಾಗಿತ್ತು. ಇನ್ನೊಂದು ಕಡೆ, ಹಿರಿಯರೆಂದರೆ ಅಸಹಾಯಕರೇ ಎಂಬ ನಂಬಿಕೆಯೂ ದಾರಿ ತಪ್ಪಿಸುತ್ತದೆ. ಅತ್ತೆ-ಮಾವ 2007ರ ಹಿರಿಯ ನಾಗರಿಕರ ಕಾಯ್ದೆ ಬಳಸಿ ಸೊಸೆಯನ್ನು ಮನೆಯಿಂದ ಹೊರಹಾಕಿಸಹೊರಟ ಬೆಂಗಳೂರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಹೀಗೆ ಮೀರಲಾಗದೆಂದಿತು. ಹಿರಿಯರೂ ಜಾಣರಾಗಿರಬಹುದು, ಸ್ವಾರ್ಥಿಗಳಾಗಿರಬಹುದು, ಎಲ್ಲರಂತೆ.

ನಮ್ಮ ಸಂಸ್ಕೃತಿಯಲ್ಲಿ ಹಿರಿಯರಿಗೆ ಗೌರವವಿದೆ, ಇದೆಲ್ಲ ಪಶ್ಚಿಮದ ರೋಗ ಎನ್ನುವವರಿಗೆ ನಾರ್ತ್ ಮತ್ತು ಫಿಸ್ಕ್ 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡದ್ದು ಇರುಸುಮುರುಸು ತರುತ್ತದೆ. ಪೂರ್ವದ ದೇಶಗಳಲ್ಲಿ ಹಿರಿಯರ ಬಗೆಗಿನ ಧೋರಣೆ ಪಶ್ಚಿಮಕ್ಕಿಂತ ಒಳ್ಳೆಯದಿರಲಿಲ್ಲ, ಕೆಟ್ಟದಿತ್ತು. ವೃದ್ಧರ ಸಂಖ್ಯೆ ಬೇಗಬೇಗ ಏರಿದ ಕಡೆ ಇನ್ನೂ ಕೆಟ್ಟದಿತ್ತು. ಕಾಲು ಮುಟ್ಟಿ ನಮಸ್ಕರಿಸುವುದಕ್ಕೂ ಮಾತು ಕೇಳುವುದಕ್ಕೂ ದೂರ ಬಹಳ.

ಇನ್ನು ಮರೆವು. ಥಾಣೆಯವರಿಗೆ ಇದು ಒಂದು ಹಿಡಿ ಹೆಚ್ಚು ಸೂಕ್ಷ್ಮ. 1901ರಿಂದ ಇಲ್ಲಿ ಮನೋರುಗ್ಣಾಲಯ ಇರುವುದರಿಂದ 'ಥಾಣೆಗೆ ಕಳಿಸಬೇಕು' ಎಂಬುದು ಮಹಾರಾಷ್ಟ್ರವಿಡೀ ಹಳೆಯ ತಮಾಷೆ, ನಾವು ಇಲ್ಲೇ ಇರುವವರು. ಅರವತ್ತು ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ ಇರುವವರು ಶೇ. 7.4, ಅಂದರೆ ಸುಮಾರು 88 ಲಕ್ಷ ಮಂದಿ ಎಂದು 2023ರಲ್ಲಿ ಪ್ರಕಟವಾದ, ದೇಶಮಟ್ಟದ ಸಮೀಕ್ಷೆಯನ್ನು ಆಧರಿಸಿದ ಅಂದಾಜು ಹೇಳುತ್ತದೆ. ಈ ಅಂಕಿಯನ್ನು ಎರಡು ಕಡೆಯಿಂದ ಓದಬೇಕು. ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದು ಇಲ್ಲ. ಬಿ-12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾದದ್ದು, ಹೊಸ ಮಾತ್ರೆಯ ಅಡ್ಡಪರಿಣಾಮ ಇವೆಲ್ಲ ಮಂಕುತನದಂತೆ ಕಾಣಿಸುತ್ತವೆ. ನಿನ್ನೆ ಸರಿಯಿದ್ದು ಇವತ್ತು ಏನೇನೋ ಮಾತಾಡುವ ಅಜ್ಜನಿಗೆ ಮೂತ್ರದ ಸೋಂಕು ಆಗಿರಬಹುದು, ಅದು ಆ ದಿನವೇ ಆಸ್ಪತ್ರೆಗೆ ಒಯ್ಯಬೇಕಾದ ವಿಷಯ. ಇನ್ನೊಂದು ಕಡೆ, 88 ಲಕ್ಷ ಸಣ್ಣ ಸಂಖ್ಯೆಯೂ ಅಲ್ಲ. ನಿಜವಾಗಿ ಕಾಯಿಲೆ ಇರುವವರನ್ನೂ ನಾವು 'ವಯಸ್ಸಾದ ಮೇಲೆ ಹೀಗೇ' ಎಂದು ವರ್ಷಗಟ್ಟಲೆ ಮನೆಯಲ್ಲೇ ಕೂರಿಸುತ್ತೇವೆ. ಇಲ್ಲದವರಿಗೆ ರೋಗ ಹಚ್ಚುವುದೂ, ಇದ್ದವರ ರೋಗ ಮರೆಸುವುದೂ ಒಂದೇ ಮಾತು. ಅನಂತನಾಗ್ ಅಭಿನಯದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಬಂದ ಮೇಲೆ ಆಲ್ಝೈಮರ್ ಎಂಬ ಹೆಸರಾದರೂ ಕನ್ನಡ ಮನೆಗಳಿಗೆ ಪರಿಚಯವಾಯಿತು.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಭಾಷೆಯ ಗಂಟೂ ಸೇರಿದೆ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ ಎಂದು ಐವತ್ತು ವರ್ಷ ಬದುಕಿದ ಅಜ್ಜ ಒಂದೇ ವಾಕ್ಯದಲ್ಲಿ ಮೂರು ಭಾಷೆ ತಂದರೆ ಮೊಮ್ಮಗಳಿಗೆ ಅದು ಗೊಂದಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಭಾಷೆ ಬೆರೆಸುವುದು ರೋಗದ ಗುರುತಲ್ಲ ಎಂಬಷ್ಟಕ್ಕೆ ಆ ಜಗಳ ಬೇಕಿಲ್ಲ.

ಗಂಡ ತೀರಿಕೊಂಡ ಮೇಲೆ ಊರ ಮನೆಗೆ ಬೀಗ ಹಾಕಿ ಮಗನ ಹಿಂದೆ ಇಲ್ಲಿಗೆ ಬಂದ ಅಜ್ಜಿಯರ ಕಷ್ಟ ಇದಕ್ಕೆ ತದ್ವಿರುದ್ಧ. ಅವರಿಗೆ ಒಂದೇ ಭಾಷೆ. ಹದಿನಾಲ್ಕನೇ ಮಾಳಿಗೆ, ಹಿಂದಿ ಮಾತಾಡುವ ಕೆಲಸದವಳು, ಇಂಗ್ಲಿಷ್ ಮಾತಾಡುವ ಮೊಮ್ಮಕ್ಕಳು. ನವಿಮುಂಬಯಿಯಲ್ಲಿ ಹಿರಿಯರು ಕೂಡಿ ಹೊತ್ತು ಕಳೆಯಲೆಂದು ಪಾಲಿಕೆಯ ವಿರಂಗುಳಾ ಕೇಂದ್ರಗಳಿವೆ, ಒಳ್ಳೆಯ ವ್ಯವಸ್ಥೆ. ಅಲ್ಲಿ ನಡೆಯುವ ಹರಟೆ ಮರಾಠಿಯಲ್ಲಿ. ಅಜ್ಜಿ ಸುಮ್ಮನಾಗುತ್ತಾರೆ, ಸುಮ್ಮನಾದವರು ಮಂಕಾಗಿದ್ದಾರೆ ಎನಿಸಿಕೊಳ್ಳುತ್ತಾರೆ, ಕಡೆಗೊಂದು ದಿನ ನೆನಪಿನ ಪರೀಕ್ಷೆಗೆ ಕೂರುತ್ತಾರೆ. ಇಂದು ಯಾವ ತಾರೀಕು, ಇದು ಯಾವ ಜಿಲ್ಲೆ, ನೂರರಿಂದ ಏಳೇಳು ಕಳೆಯುತ್ತ ಬನ್ನಿ. ತಾರೀಕಿನ ಬದಲು ಪಂಚಾಂಗ ನೋಡಿ ಬದುಕಿದವರು, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರು, ಅರೆಬರೆ ಅರ್ಥವಾಗುವ ಭಾಷೆಯಲ್ಲಿ ಇದಕ್ಕೆ ಉತ್ತರಿಸಬೇಕು.

ಇದೇ ತೊಡಕು ಮೂವತ್ತು ವರ್ಷದ ಹಿಂದೆ ಹರಿಯಾಣದ ಬಲ್ಲಭ್‌ಗಢದಲ್ಲಿ ಎದುರಾಗಿತ್ತು. ಅಲ್ಲಿನ ಹಳ್ಳಿಗರಲ್ಲಿ ಹೆಚ್ಚಿನವರಿಗೆ ಓದುಬರಹ ಇರಲಿಲ್ಲ. ಮೇರಿ ಗಂಗೂಲಿ ಮತ್ತು ಸಂಗಡಿಗರು ಪಾಶ್ಚಾತ್ಯ ಪ್ರಶ್ನಾವಳಿಯನ್ನೇ ಬದಲಿಸಿ 1995ರಲ್ಲಿ ಹಿಂದಿ ಆವೃತ್ತಿ ತಂದರು. ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿಸುವ ಬದಲು ವಾರಗಳ ಹೆಸರನ್ನು ಹಿಂದಿನಿಂದ ಹೇಳಿಸಿದರು. ಕನ್ನಡದಲ್ಲೂ ಇಂಥ ಪರೀಕ್ಷೆಗಳು ಸಿದ್ಧವಾಗಿವೆ. ಥಾಣೆಯ ಕ್ಲಿನಿಕ್ಕಿಗೆ ಹೋಗುವ ಮನೆಯವರು ಅದನ್ನು ಕೇಳಬಹುದು, ಸಿಗದಿದ್ದರೆ ಕನ್ನಡ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಪ್ರಶ್ನೆಗಳನ್ನು ಅಜ್ಜಿಯ ಮಾತಿನಲ್ಲೇ ಕೇಳಿಸಬಹುದು. ಕಿವಿಯ ಪರೀಕ್ಷೆ ಮೊದಲು ಆಗಿರಲಿ. ಹಾಗೆ ಮಾಡಿದಾಗ ಅಂಕ ಏರಬಹುದು. ಏರದೆಯೂ ಇರಬಹುದು, ಏರದಿದ್ದರೆ ಆಗ ಚಿಕಿತ್ಸೆಯ ಮಾತನ್ನು ಶುರುಮಾಡಲು ಅಡ್ಡಿಯಿಲ್ಲ.